ಇಪ್ಪತ್ತು ಹೆಜ್ಜೆಯೊಳಗೆ

ಮದ್ದಣ್ಣ ಅಕ್ಕನ ಕೆನ್ನೆಗೆ ಹೊಡೆದದ್ದು ಶುಕ್ರವಾರ ಮಧ್ಯಾಹ್ನ, ಊಟದ ತಟ್ಟೆಯನ್ನು ಮುಂದಿಟ್ಟುಕೊಂಡು. ಅವಳ ಕನ್ನಡಕ ಹಾರಿ ಕುರ್ಚಿಯ ಕಾಲಿಗೆ ಬಡಿದು ಒಂದು ಗಾಜು ಬಿರುಕು ಬಿಟ್ಟಿತು. ನಲವತ್ತು ದಾಟಿದ ಗಂಡಸು ತನಗಿಂತ ಮೂರು ವರ್ಷ ದೊಡ್ಡವಳ ಮೇಲೆ ಕೈ ಮಾಡಿದ್ದು ಯಾವ ಸೀಮೆಯ ಶೌರ್ಯವೋ ಅವನನ್ನೇ ಕೇಳಬೇಕು. ಕೇಳಿದ್ದರೆ, ಜಗಳವಾದದ್ದು ಒಂದು ಮಿಡತೆಯ ವಿಷಯಕ್ಕೆ ಎಂದು ಹೇಳಬೇಕಾಗುತ್ತಿತ್ತು, ಕೇಳಿದವರು ನಗುತ್ತಿದ್ದರು.

ನಗುವ ವಿಷಯವಲ್ಲ ಅದು. ಮದ್ದಣ್ಣ ಕಲ್ಲು ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬಿ ಸಿಡಿಸುವವನು, ಹಾಗಾಗಿಯೇ ಆ ಹೆಸರು. ಅಪ್ಪನೂ ಅದೇ ಕೆಲಸದಲ್ಲಿದ್ದು, ಕೊನೆಗೆ ಎರಡು ಕಿವಿಯನ್ನೂ ಕಳೆದುಕೊಂಡು ಸತ್ತ. ಅಪ್ಪನಿಂದ ಮಗನಿಗೆ ಬಂದದ್ದು ಎರಡು ಕೋಣೆಯ ಕ್ವಾರ್ಟರ್ಸು, ಕಸುಬು, ಮತ್ತು ಮೂಗಿನ ತುದಿಯಲ್ಲಿ ಕೂತಿರುವ ಕೋಪ. ಅಕ್ಕ ಪಟ್ಟಣದ ಮ್ಯೂಸಿಯಂನಲ್ಲಿ ಕೀಟಗಳ ವಿಭಾಗದವಳು. ಇಬ್ಬರಿಗೂ ಮದುವೆ ಕೂಡಿಬರಲಿಲ್ಲ, ಒಂದೇ ಸೂರಿನಡಿ ಇದ್ದರು. ತಮ್ಮ ಗುಡ್ಡವನ್ನು ಕೆಳಗಿನಿಂದ ಒಡೆಯುತ್ತ ಬರುತ್ತಿದ್ದ. ಅಕ್ಕ ಮೂರು ವರ್ಷದಿಂದ ಅದೇ ಗುಡ್ಡದ ಮೇಲಿನ ಇಳಿಜಾರಿನಲ್ಲಿ ಮಿಡತೆ ಎಣಿಸುತ್ತಿದ್ದಳು. "ಬೆಟ್ಟ ಅಗೆಯೋರು ನಾವು, ಇಲಿ ಹಿಡಿಯೋಳು ನಿಮ್ಮಕ್ಕ" ಎಂದು ಕ್ವಾರಿಯವರು ಅವನನ್ನು ಕಿಚಾಯಿಸುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಅಕ್ಕನನ್ನು ಅವರು ಆಡಿಕೊಂಡು ನಕ್ಕರೆ ಒಳಗೊಳಗೇ ಉರಿಯುತ್ತಿತ್ತು.

ಆ ಮಿಡತೆಯನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯ ಜನ. ಹೆಬ್ಬೆರಳಿನಷ್ಟು ಉದ್ದ, ಮೈಯೆಲ್ಲ ಕಲ್ಲಿನದೇ ಬಣ್ಣ. ರೆಕ್ಕೆ ಇದೆ ಎಂದರೆ ಇದೆ, ಉಗುರಿನಷ್ಟು. ಅದರಿಂದ ಹಾರಲಿಕ್ಕೆ ಆಗದು. ಅಕ್ಕನಿಗೆ ತಿಳಿದ ಮಟ್ಟಿಗೆ ಲೋಕದಲ್ಲಿ ಅದು ಉಳಿದಿರುವುದು ಈ ಒಂದು ಇಳಿಜಾರಿನಲ್ಲಿ, ಉದ್ದಕ್ಕೆ ನಾನೂರು ಹೆಜ್ಜೆ, ಅಗಲಕ್ಕೆ ನೂರೈವತ್ತು. ಆಚೆಯ ಗುಡ್ಡದಲ್ಲೂ ಅದೇ ಕಲ್ಲು, ಅದೇ ಹುಲ್ಲು, ಮಿಡತೆ ಮಾತ್ರ ಇಲ್ಲ. ಸಿಕ್ಕಿದ ಒಂದೊಂದರ ಬೆನ್ನಿಗೂ ಅಕ್ಕ ಕೆಂಪು ಉಗುರುಬಣ್ಣದ ಚುಕ್ಕೆ ಇಡುತ್ತಿದ್ದಳು. ಒಂದಕ್ಕೆ ಎಡಕ್ಕೆ, ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎರಡು. ಸಿಕ್ಕ ಜಾಗವನ್ನು ಪುಸ್ತಕದಲ್ಲಿ ಬರೆದು, ತಿಂಗಳು ಬಿಟ್ಟು ಮತ್ತೆ ಹುಡುಕುತ್ತಿದ್ದಳು. ಹುಟ್ಟಿದ ಕಲ್ಲಿನಿಂದ ಇಪ್ಪತ್ತು ಹೆಜ್ಜೆಯಾಚೆ ಹೋದದ್ದು ಒಂದೂ ಸಿಗಲಿಲ್ಲ. ತನ್ನ ಉಗುರಿಗೆ ಒಂದು ದಿನ ಬಣ್ಣ ಹಚ್ಚಿದವಳಲ್ಲ, ಊಟದ ಮೇಜಿನ ಮೇಲೆ ಮಾತ್ರ ಸದಾ ಒಂದು ಶೀಶೆ. ಆ ವಾಸನೆಗೆ ಅನ್ನ ಸೇರುವುದಿಲ್ಲ ಎಂದು ಮದ್ದಣ್ಣ ದಿನಾ ಗೊಣಗುತ್ತಿದ್ದ, ದಿನಾ ಉಣ್ಣುತ್ತಿದ್ದ.

ಆ ಮಿಡತೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿತ್ತು. ಹಗಲೆಲ್ಲ ಕಲ್ಲಿನ ಅಡಿಯಲ್ಲಿ ಇರುತ್ತದೆ. ನೆಲ ನಡುಗಿದರೆ ಮಾತ್ರ ಮೇಲೆ ಬಂದು ಕಲ್ಲಿನ ನೆತ್ತಿಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಕಲ್ಲು ಉರುಳುವ ಗುಡ್ಡದಲ್ಲಿ ಅಡಿಯಲ್ಲಿದ್ದದ್ದು ಅರೆದುಹೋಗುತ್ತದೆ, ಮೇಲಿದ್ದದ್ದು ಉಳಿಯುತ್ತದೆ, ಅಷ್ಟೇ ಅದರ ಲೆಕ್ಕಾಚಾರ. ಕ್ವಾರಿ ಬಂದ ಮೇಲೆ ಅದು ಇನ್ನೂ ಜಾಣವಾಗಿತ್ತು. ಸೈರನ್ ಕೂಗಿದ ಮೇಲೆ ನೆಲ ನಡುಗುತ್ತದೆ ಎಂದು ಕಲಿತು, ಸೈರನ್ನಿಗೇ ಮೇಲೆ ಬರುತ್ತಿತ್ತು. ಕೆಳಗಿನ ಬಂಡೆ ಸಿಡಿದು ಧೂಳು ಇಳಿಯುವಷ್ಟರಲ್ಲಿ ಮತ್ತೆ ಮಾಯ. ಆದ್ದರಿಂದ ಅಕ್ಕ ಎಣಿಸುವುದು ಮಧ್ಯಾಹ್ನದ ಮೂರು ಸೈರನ್ನುಗಳ ನಡುವಿನ ಹೊತ್ತಿನಲ್ಲಿ, ಬೂದು ಬಣ್ಣದ ಕೋಟು ಹಾಕಿ, ಕಲ್ಲುಗಳ ನಡುವೆ ಬೋರಲು ಮಲಗಿ, ಉಸಿರು ಬಿಗಿಹಿಡಿದು.

ಮಿಡತೆ ಸಾಧು ಪ್ರಾಣಿ ಎಂದುಕೊಳ್ಳಬೇಡಿ. ಅಂಗೈ ಅಗಲದ ಕಲ್ಲಿಗಾಗಿ ಎರಡು ಗಂಡುಗಳು ಹಿಂಗಾಲಿನಲ್ಲಿ ಒದೆದಾಡುತ್ತವೆ, ಒಂದರ ಕಾಲನ್ನು ಇನ್ನೊಂದು ಬುಡದಿಂದ ಕಚ್ಚಿ ಹಿಡಿಯುತ್ತದೆ. ಹಿಡಿಸಿಕೊಂಡದ್ದು ತನ್ನ ಕಾಲನ್ನು ತಾನೇ ಕಳಚಿ ಬಿಟ್ಟು ಓಡುತ್ತದೆ. ಗೆದ್ದದ್ದು ಅಲ್ಲೇ ಕೂತು ಆ ಕಾಲನ್ನು ತಿನ್ನುತ್ತದೆ. ಅಕ್ಕ ಹೇಳುವುದರಲ್ಲಿ ಮದ್ದಣ್ಣನಿಗೆ ಇಷ್ಟವಾದ ಭಾಗ ಇದೊಂದೇ.

ಶುಕ್ರವಾರ ಬೆಳಿಗ್ಗೆ ಕ್ವಾರಿಯ ಧಣಿ ಅವನನ್ನು ಆಫೀಸಿಗೆ ಕರೆಸಿದ್ದ. ಸೋಮವಾರ ಸರ್ಕಾರದ ಅಧಿಕಾರಿಗಳು ಬಂದು ಅಕ್ಕನ ಪುಸ್ತಕ ನೋಡುವವರಿದ್ದರು. ಒಂದೇ ದಿನದ ಎಣಿಕೆಯಲ್ಲಿ ಇನ್ನೂರು ದಾಟಿದ್ದರೆ ಮೇಲಿನ ಇಳಿಜಾರನ್ನು ಯಾರೂ ಮುಟ್ಟುವ ಹಾಗಿಲ್ಲ, ದಾಟದಿದ್ದರೆ ಅದು ಕ್ವಾರಿಗೆ. "ಅಲ್ಲಿ ಮದ್ದಿಗೆ ಕುಳಿ ಹೊಡೆದು ತಿಂಗಳಾಯ್ತು. ನಾಳೆ ಮಧ್ಯಾಹ್ನ ಕೆಳಗಿನದರ ಬದಲು ಮೇಲಿಂದು ಸಿಡಿಸಿಬಿಡು" ಎಂದ ಧಣಿ. "ಸೋಮವಾರ ಬಂದೋರು ಏನನ್ನ ಎಣಿಸ್ತಾರೋ ನೋಡೋಣ. ಮನೇಲಿ ಬಾಯಿ ಬಿಡಬೇಡ."

ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟಕ್ಕೆ ಬಂದವನಿಗೆ ಅಕ್ಕನ ಮುಖ ನೋಡಲಾಗಲಿಲ್ಲ. ನೋಡಲಾಗದ್ದಕ್ಕೇ ಸಿಟ್ಟು ಬಂತು.

"ಒಂದು ದಿನಕ್ಕೆ ನೂರ ಎಂಬತ್ತೇಳರವರೆಗೆ ಸಿಕ್ಕಿದೆ. ಇನ್ನು ಹದಿನಾಲ್ಕು ಸಿಕ್ರೆ ಆಯ್ತು" ಎಂದಳು ಅವಳು.

"ಇಷ್ಟು ಜನ ದುಡಿಯೋರ ಅನ್ನಕ್ಕೆ ಕಲ್ಲು ಹಾಕ್ತೀಯಲ್ಲ, ಒಂದು ಹುಳಕ್ಕೋಸ್ಕರ. ಬಿಟ್ಟುಬಿಡು ಅಕ್ಕ."

"ಕೆಳಗಡೆ ಇನ್ನೂ ಹತ್ತು ವರ್ಷದ ಕಲ್ಲಿದೆ ಅಂತ ನೀನೇ ಹೇಳಿದ್ದೆ. ಇವತ್ತು ಯಾರ ಮಾತು ಆಡ್ತಿದೀಯ?"

"ನನ್ನ ಮಾತು."

"ಅಲ್ಲ, ಧಣಿ ಮಾತು. ಬಿಸ್ಕತ್ತು ಹಾಕಿದೋರ ಮನೆ ಮುಂದೆ ಬೊಗಳೋದು ಯಾವಾಗ ಕಲಿತೆ?"

ಅಷ್ಟಕ್ಕೆ ಕೈ ಬೀಸಿದ. ಸದ್ದಿಗೆ ಅವನೇ ಬೆಚ್ಚಿಬಿದ್ದ. ಅವಳು ಕನ್ನಡಕ ಎತ್ತಿಕೊಂಡು, ಉಗುರುಬಣ್ಣದ ಶೀಶೆಯನ್ನು ಬ್ಯಾಗಿಗೆ ಹಾಕಿ, ಪಟ್ಟಣದ ಬಸ್ಸು ಹತ್ತಿದಳು. ಅರ್ಧ ಕ್ವಾರಿ ಅದನ್ನು ನೋಡಿತು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎನ್ನುತ್ತಾರೆ. ಮದ್ದಣ್ಣ ಆ ರಾತ್ರಿ ಎರಡು ತಟ್ಟೆಯನ್ನೂ ತೊಳೆಯದೆ ಹಾಗೇ ಮಲಗಿದ.

ಶನಿವಾರ ಬೆಳಿಗ್ಗೆಯಿಂದ ಮೇಲಿನ ಇಳಿಜಾರಿನಲ್ಲಿ ಒಬ್ಬನೇ ಮದ್ದು ತುಂಬಿದ. ಬಂಡೆಗಳ ಸಾಲಿನ ಕೆಳಗೆ ನಲವತ್ತು ಕುಳಿ. ಒಂದೊಂದಕ್ಕೂ ಕಿಡಿ ಹೊತ್ತಿಸುವ ಕೇಪು ಕಟ್ಟಿದ ಮದ್ದಿನ ಕಡ್ಡಿ ಇಳಿಸಿ, ಮೇಲೆ ಕೆಮ್ಮಣ್ಣು ಗಿಡಿದು, ವಯರನ್ನು ಹೊರಗೆ ಎಳೆದು ಮುಂದಿನದಕ್ಕೆ ಜೋಡಿಸಬೇಕು. ಮೈಯೆಲ್ಲ ಕಣ್ಣಾಗಿ ಮಾಡುವ ಕೆಲಸ. ಅಂದು ಕಣ್ಣಿನಲ್ಲಿ ನಿದ್ದೆಯಿಲ್ಲ, ತಲೆಯಲ್ಲಿ ಸಮಾಧಾನವಿಲ್ಲ. ಕೊನೆಯ ಕುಳಿಗೆ ಮಣ್ಣು ಗಿಡಿಯುತ್ತಿದ್ದಾಗ ಆ ನಡುಕಕ್ಕೋ ಏನೋ, ಒಂದು ಮಿಡತೆ ಎಲ್ಲಿಂದಲೋ ಬಂದು ಮಣಿಕಟ್ಟಿನ ಮೇಲೆ ಕೂತಿತು. ಅವನು ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದ. ಅದು ಒದೆಯಿತು, ಒಂದು ಕಾಲನ್ನು ಅವನ ಬೆರಳಿಗೇ ಕಳಚಿ ಕೊಟ್ಟು ತಪ್ಪಿಸಿಕೊಳ್ಳಲು ನೋಡಿತು. "ಎಲ್ಲಾ ನಿನ್ನಿಂದಾನೇ" ಎಂದು ಅವನು ಹಿಸುಕಿಬಿಟ್ಟ. ಚಿಟಿಕೆ ಹೊಡೆದಷ್ಟು ಸದ್ದಾಯಿತು. ಕೆಮ್ಮಣ್ಣು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಳಗಿಳಿದ.

ಸಿಡಿಸುವ ಜಾಗ ಇಳಿಜಾರಿಗೆ ಎದುರಾಗಿ, ಮುನ್ನೂರು ಹೆಜ್ಜೆ ದೂರದಲ್ಲಿ, ತಗಡು ಹೊದೆಸಿದ ಒಂದು ಗೂಡು. ಅಲ್ಲಿ ಮೇಸ್ತ್ರಿ ಕಾದಿದ್ದ, ಅವನ ಜೊತೆ ಇಬ್ಬರು ಆಳುಗಳು. ಮರದ ಪೆಟ್ಟಿಗೆಗೆ ಎರಡು ವಯರು ಸಿಕ್ಕಿಸಿ, ಕೀಲಿ ಹಾಕಿ ತಿರುಗಿಸಿ, ಗುಂಡಿ ಒತ್ತಬೇಕು. ಕೀಲಿ ಸದಾ ಮದ್ದಿಡುವವನ ಕೊರಳಲ್ಲಿ ದಾರಕ್ಕೆ ಕಟ್ಟಿರುತ್ತದೆ, ಬೇರೆ ಯಾರ ಕೈಗೂ ಕೊಡುವ ಹಾಗಿಲ್ಲ.

ಮೊದಲ ಸೈರನ್ ಕೂಗಿತು. ಜನ ದೂರ ಸರಿದರು. ಎರಡನೆಯದು ಕೂಗಿತು. ನಾಲ್ಕು ಮೂಲೆಯಲ್ಲಿ ಕೆಂಪು ಬಾವುಟ ಹಿಡಿದು ನಿಂತವರು ಒಬ್ಬೊಬ್ಬರಾಗಿ "ಖಾಲಿ" ಎಂದು ಕೂಗಿದರು. ನಾಲ್ಕೂ ಬಂತು.

ಇದಾದ ಮೇಲೆ ಅಪ್ಪನ ಕಾಲದಿಂದಲೂ ಒಂದು ಪದ್ಧತಿಯಿತ್ತು. "ಸೈರನ್ನು ಬೇರೆಯವರ ಬಾಯಿ, ಬಾವುಟ ಬೇರೆಯವರ ಕಣ್ಣು, ಒತ್ತೋದು ಮಾತ್ರ ನಿನ್ನ ಬೆರಳು. ನಿನ್ನ ಕಾಲಲ್ಲೇ ಒಂದು ಸುತ್ತು ಹೋಗಿ ಬಾ" ಎನ್ನುತ್ತಿದ್ದ ಅಪ್ಪ. ಎರಡನೆಯ ಮತ್ತು ಮೂರನೆಯ ಸೈರನ್ನಿನ ನಡುವೆ ಮದ್ದಿಟ್ಟವನೇ ಜಾಗವನ್ನೆಲ್ಲ ನಡೆದು ನೋಡುವ ಕೊನೆ ಸುತ್ತು. ಅಕ್ಕ ತಮ್ಮ ಚಿಕ್ಕವರಿದ್ದಾಗ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು, ಅಪ್ಪನ ಹಳದಿ ಟೋಪಿ ಬಂಡೆಗಳ ನಡುವೆ ಸುತ್ತಿ ಇಳಿದು ಬರುವವರೆಗೂ ಕಾದು, ಆಮೇಲೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಮದ್ದಣ್ಣ ಒಂದು ದಿನವೂ ಆ ಸುತ್ತು ತಪ್ಪಿಸಿರಲಿಲ್ಲ.

ಅಂದು ತಪ್ಪಿಸಿದ. ಹೋದರೆ ಸೈರನ್ನಿಗೆ ಮೇಲೆ ಬಂದ ಮಿಡತೆಗಳು ಕಲ್ಲುಕಲ್ಲಿನ ಮೇಲೂ ಕೂತಿರುತ್ತವೆ, ಒಂದೊಂದರ ಬೆನ್ನ ಮೇಲೂ ಅಕ್ಕ ಇಟ್ಟ ಚುಕ್ಕೆ ಇರುತ್ತದೆ. ಅದನ್ನು ನೋಡುವ ಮುಖ ಅವನಿಗಿರಲಿಲ್ಲ. ನಾಚಿಕೆಯಾಗಿತ್ತು ಅವನಿಗೆ, ಅಷ್ಟೇ ವಿಷಯ. "ನಾಲ್ಕು ಖಾಲಿ ಬಂತಲ್ಲ, ಸಾಕು" ಎಂದು ತನಗೇ ಹೇಳಿಕೊಂಡ. ಗೂಡಿನ ಕಿಂಡಿಯಿಂದ ನೋಡಿದ. ಕಲ್ಲು ಬಿಟ್ಟರೆ ಏನೂ ಕಾಣಲಿಲ್ಲ.

ಕೀಲಿ ಹಾಕಿ ತಿರುಗಿಸಿದ. ಗುಂಡಿಯ ಮೇಲೆ ಹೆಬ್ಬೆರಳಿಟ್ಟ. ಬೆವರಿಗೆ ಬೆರಳು ಜಾರಿತು. ಚಿಂದಿ ತೆಗೆದು ಕೈ ಒರೆಸಿದ. ಕೆಮ್ಮಣ್ಣು ಹೋಯಿತು, ಹೆಬ್ಬೆರಳ ಮೇಲಿನ ಒಂದು ಕೆಂಪು ಕಲೆ ಮಾತ್ರ ಹೋಗಲಿಲ್ಲ. ರಕ್ತವಿರಬೇಕೆಂದು ಉಜ್ಜಿದ. ಉಜ್ಜಿದಷ್ಟೂ ಹೊಳೆಯಿತು. ಮೂಗಿನ ಹತ್ತಿರ ತಂದ.

ಊಟದ ಮೇಜಿನ ವಾಸನೆ.

ಆ ಬಣ್ಣ ಎಷ್ಟು ಬೇಗ ಒಣಗುತ್ತದೆ ಎಂದು ಮೂರು ವರ್ಷ ಎದುರಿಗೆ ಕೂತು ಉಂಡವನಿಗೆ ಗೊತ್ತು. ಐದು ನಿಮಿಷ, ಹೆಚ್ಚೆಂದರೆ ಹತ್ತು. ಹಿಸುಕಿದಾಗ ಅದು ಇನ್ನೂ ಹಸಿಯಾಗಿತ್ತು. ಹುಟ್ಟಿದ ಕಲ್ಲಿನಿಂದ ಇಪ್ಪತ್ತು ಹೆಜ್ಜೆ ದಾಟದ ಹುಳ ಅದು. ಅಂದರೆ ಕೊನೆಯ ಕುಳಿಯಿಂದ ಇಪ್ಪತ್ತು ಹೆಜ್ಜೆಯೊಳಗೆ ಎಲ್ಲೋ ಬೋರಲು ಮಲಗಿದ್ದವಳು ಇನ್ನೂ ಅಲ್ಲೇ ಮಲಗಿದ್ದಾಳೆ, ಯಾಕೆಂದರೆ ಮೂರು ಸೈರನ್ ಮುಗಿಯದೆ ಅವಳು ಏಳುವವಳಲ್ಲ.

"ಅಕ್ಕ ಮೇಲಿದಾಳೆ" ಎಂದು ಕೀಲಿಯನ್ನು ಕಿತ್ತುಕೊಂಡು ಎದ್ದ.

"ನಿಮ್ಮಕ್ಕ ನಿನ್ನೆನೇ ಬಸ್ಸು ಹತ್ತಿದ್ದು ಎಲ್ಲರೂ ನೋಡಿದಾರೆ" ಎಂದ ಮೇಸ್ತ್ರಿ. "ನಾಲ್ಕು ಜನ ಖಾಲಿ ಅಂದಿದಾರೆ. ನಾಟಕ ಆಡಬೇಡ, ಒತ್ತು."

"ಅವಳು ಮಲಗಿದ್ರೆ ಯಾರಿಗೂ ಕಾಣಲ್ಲ ಮೇಸ್ತ್ರಿ. ನಾನು ಹೋಗಿ ನೋಡ್ಕೊಂಡು ಬರ್ತೀನಿ."

"ಧಣಿ ಹೇಳಿದ್ದು ನಿಜ. ಕೊನೇ ಗಳಿಗೇಲಿ ರಕ್ತ ಕೂಗುತ್ತೆ ಇವನಿಗೆ ಅಂದಿದ್ರು. ಕೀಲಿ ಕೊಡು."

ಮೇಸ್ತ್ರಿ ಕೆಟ್ಟವನೇನಲ್ಲ, ಧಣಿಗೆ ಹೆದರುವವನು. ಹೆದರಿದವನ ಕೈಗೆ ಕಬ್ಬಿಣ ಸಿಕ್ಕರೆ ಕೆಟ್ಟವನಿಗಿಂತ ಅನಾಹುತ. ಮದ್ದಣ್ಣ ಬಾಗಿಲಿಗೆ ನುಗ್ಗಿದ. ಆಳುಗಳಿಬ್ಬರು ಹಿಡಿದು ನೆಲಕ್ಕೆ ಕೆಡವಿದರು. ಒಬ್ಬ ಬೆನ್ನ ಮೇಲೆ ಮೊಣಕಾಲೂರಿದ. ಇನ್ನೊಬ್ಬನ ಬೂಟು ಪಕ್ಕೆಗೆ ಬಿತ್ತು, ಮತ್ತೆ ಬಿತ್ತು. ಮದ್ದಣ್ಣ ತಿರುಗಿ ಅವನ ಮೊಣಕಾಲಿಗೆ ಒದ್ದ. ಗಂಟು ತಪ್ಪಿದ ಸದ್ದು ತಗಡಿನ ಗೂಡಿನಲ್ಲಿ ದೊಡ್ಡದಾಗಿ ಕೇಳಿತು, ಆ ಆಳು ಅರಚುತ್ತ ಮೂಲೆಗೆ ಉರುಳಿದ. ಮೇಸ್ತ್ರಿ ಸುತ್ತಿಗೆ ತೆಗೆದುಕೊಂಡ.

"ಮುಷ್ಟಿ ಬಿಡು."

"ಬಿಡಲ್ಲ."

ಸುತ್ತಿಗೆ ಮುಷ್ಟಿಯ ಮೇಲೆ ಇಳಿಯಿತು. ಮೊದಲ ಏಟಿಗೆ ಕಿರುಬೆರಳು ಹೋಯಿತು, ಎರಡನೆಯದಕ್ಕೆ ಅದರ ಪಕ್ಕದ್ದು. ಮದ್ದಣ್ಣ ಕೂಗಿದ, ನೋವಿಗಲ್ಲ, "ಅಕ್ಕಾ" ಎಂದು. ಮೂರನೆಯ ಸೈರನ್ ಅದೇ ಹೊತ್ತಿಗೆ ಶುರುವಾಗಿ ಅವನ ಕೂಗನ್ನು ನುಂಗಿತು. ಮೂರನೆಯ ಏಟಿಗೆ ಮುಷ್ಟಿ ತಾನಾಗಿ ತೆರೆದುಕೊಂಡಿತು. ಅದರ ಮೇಲೆ ಇನ್ನು ಅವನ ಹಿಡಿತವಿರಲಿಲ್ಲ.

ಮೇಸ್ತ್ರಿ ರಕ್ತ ಮೆತ್ತಿದ ಕೀಲಿಯನ್ನು ಪೆಟ್ಟಿಗೆಗೆ ಹಾಕಿದ. ತಿರುಗಿಸಿದ. ಒತ್ತಿದ.

ಏನೂ ಆಗಲಿಲ್ಲ. ಮತ್ತೆ ಒತ್ತಿದ. ಆಮೇಲೆ ಕೆಳಗೆ ನೋಡಿದ. ನೆಲದ ಮೇಲೆ ಕೆಡವಿಸಿಕೊಂಡು ಬಿದ್ದವನ ಮುಖ ಪೆಟ್ಟಿಗೆಯ ಪಕ್ಕದಲ್ಲೇ ಇತ್ತು. ಕೈ ಹೋದವನಿಗೆ ಹಲ್ಲಿತ್ತು. ಎರಡು ವಯರಿನಲ್ಲಿ ಒಂದನ್ನು ಕಚ್ಚಿ ಎಳೆದು, ದವಡೆ ಬಿಗಿದು ಹಿಡಿದಿದ್ದ. ಮೇಸ್ತ್ರಿ ಅವನ ಗದ್ದಕ್ಕೆ ಒದ್ದ. ಬಾಯಲ್ಲಿ ಹಲ್ಲು ಮುರಿಯಿತು, ವಯರು ಬಿಡಲಿಲ್ಲ.

ಸೈರನ್ ನಿಂತಿತ್ತು. ಸಿಡಿಯಬೇಕಾದದ್ದು ಸಿಡಿಯದ್ದನ್ನು ಕಂಡು ಹತ್ತಿರದ ಮೂಲೆಯ ಬಾವುಟದವನು, ಅಪ್ಪನ ಜೊತೆ ಕೆಲಸ ಮಾಡಿದ ಮುದುಕ, ಗೂಡಿನ ಬಾಗಿಲಿಗೆ ಬಂದು ನಿಂತ. ಒಳಗಿನದನ್ನೆಲ್ಲ ಒಂದು ಸಲ ನೋಡಿದ.

"ಇವನು ಇವತ್ತು ಸುತ್ತು ಬರ್ಲಿಲ್ಲ, ನೋಡ್ದೆ" ಎಂದ ಮುದುಕ. "ಈಗ ಬರ್ತಾನಂತೆ, ಬಿಡು. ಖಾಲಿ ಅಂತ ಕೂಗಿದ್ದು ನಾನು. ಒಳಗಡೆ ಹೋಗಿ ನೋಡದೆ ಕೂಗಿದ್ದೆ. ನನ್ನ ತಲೆ ಮೇಲೆ ಹಾಕ್ಬೇಡ ಮೇಸ್ತ್ರಿ."

ಮೇಸ್ತ್ರಿ ತನ್ನ ಕೈಯ ಸುತ್ತಿಗೆಯನ್ನು ಈಗಷ್ಟೇ ಕಂಡವನ ಹಾಗೆ ನೋಡಿ ಕೆಳಗಿಟ್ಟ. ಬೆನ್ನ ಮೇಲಿದ್ದ ಮೊಣಕಾಲು ಎದ್ದಿತು. ಮದ್ದಣ್ಣ ಎದ್ದು, ಇನ್ನು ಸಿಡಿಯದ ಹಾಗೆ ಎರಡು ವಯರನ್ನೂ ಒಟ್ಟಿಗೆ ತಿರುಚಿ ಮುದುಕನ ಕೈಗೆ ಕೊಟ್ಟು, ಮುರಿದ ಕೈಯನ್ನು ಎದೆಗೊತ್ತಿಕೊಂಡು ಗುಡ್ಡ ಹತ್ತಿದ.

ಕಲ್ಲುಗಳ ಮೇಲೆಲ್ಲ ಮಿಡತೆಗಳಿದ್ದವು. ನೆಲ ನಡುಗದೆ ಇದ್ದದ್ದರಿಂದ ಒಳಗೆ ಹೋಗಲೂ ತಿಳಿಯದೆ, ನಡುಕಕ್ಕೆ ಕಾಯುತ್ತ ಚಪ್ಪಟೆಯಾಗಿ ಕೂತೇ ಇದ್ದವು. ಇಷ್ಟೊಂದನ್ನು ಅವನು ಯಾವತ್ತೂ ನೋಡಿರಲಿಲ್ಲ. ಕೊನೆಯ ಕುಳಿಯಿಂದ ಹನ್ನೆರಡು ಹೆಜ್ಜೆ ಮೇಲೆ, ಎರಡು ಬಂಡೆಗಳ ನಡುವೆ ಬೂದು ಕೋಟು ಬೋರಲು ಮಲಗಿತ್ತು. ಒಂದು ಗಾಜು ಒಡೆದ ಕನ್ನಡಕ ಅವನ ಕಡೆ ತಿರುಗಿತು.

"ತುಳೀಬೇಡ" ಎಂದಳು ಅಕ್ಕ ಪಿಸುದನಿಯಲ್ಲಿ. "ನೂರ ತೊಂಬತ್ತಾರು. ಸುಮ್ನೆ ನಿಂತ್ಕೋ."

ಅವನು ನಿಂತ. ರಕ್ತ ತೊಟ್ಟಿಕ್ಕಿ ಬೂಟಿನ ಮೇಲೆ ಬೀಳುತ್ತಿತ್ತು. ಅವಳು ಬೆನ್ನು ತಿರುಗಿಸಿ ತುಟಿ ಅಲ್ಲಾಡಿಸುತ್ತ ಎಣಿಸಿದಳು. ಸುಮಾರು ಹೊತ್ತಾದ ಮೇಲೆ ಮೊಣಕೈ ಊರಿ ಎದ್ದು ಕೂತಳು. ಕೆನ್ನೆಯ ಮೇಲೆ ಶುಕ್ರವಾರದ ಬೆರಳುಗಳು ಇನ್ನೂ ಇದ್ದವು.

"ಇನ್ನೂರ ಹನ್ನೊಂದು" ಎಂದಳು. "ಬೆಳಗಿನ ಮೊದಲ ಬಸ್ಸಿಗೆ ವಾಪಸ್ ಬಂದು ಆಚೆ ಕಡೆಯಿಂದ ಹತ್ತಿದೆ. ನೀನು ಮದ್ದು ತುಂಬೋದು ಇಲ್ಲಿಂದಾನೇ ನೋಡ್ತಿದ್ದೆ. ಕೂಗಿ ಜಗಳ ಆಡೋಣ ಅನ್ನಿಸ್ತು. ಕೂಗಿದ್ರೆ ಇವು ಮೇಲೆ ಬರ್ತಿರ್ಲಿಲ್ಲ. ಹೇಗಿದ್ರೂ ಕೊನೆ ಸುತ್ತಿಗೆ ಬರ್ತೀಯಲ್ಲ, ಆಗ ಎದುರಿಗೆ ಎದ್ದು ನಿಲ್ಲೋಣ, ಅದೇನ್ ಸಿಡಿಸ್ತಾನೋ ನೋಡೇಬಿಡೋಣ ಅಂತ ಮಲ್ಕೊಂಡಿದ್ದೆ. ಇವತ್ತು ಯಾಕೋ ತಡ ಮಾಡ್ದೆ." ಆಗ ಅವಳ ಕಣ್ಣು ಅವನ ಬಾಯಿಯ ಮೇಲೆ, ಕೈಯ ಮೇಲೆ ಬಿತ್ತು. "ಏನಾಯ್ತೋ ಇದು?"

ಹೂಂ, ತಡವಾಯ್ತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳಿಗಾಗಿ ಕೈ ಮುರಿಸಿಕೊಂಡ ತಮ್ಮನಾಗಿ ಜೀವನಪೂರ್ತಿ ಇರಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ.

"ಸುತ್ತು ಬರ್ಲಿಲ್ಲ ಅಕ್ಕ" ಎಂದ. "ಬೆರಳು ಗುಂಡಿ ಮೇಲಿತ್ತು. ನಿನ್ನ ಬಣ್ಣ ಬೆರಳಿಗೆ ಅಂಟಿತ್ತು, ಅದಕ್ಕೆ ನಿಲ್ಸಿದೆ. ಇಲ್ಲದಿದ್ರೆ ಒತ್ತಿರ್ತಿದ್ದೆ."

ಅವಳು ಸುತ್ತಲಿನ ನಲವತ್ತು ಕುಳಿಗಳನ್ನು ಒಂದೊಂದಾಗಿ ನೋಡಿದಳು, ಹೊರಗೆ ಚಾಚಿದ್ದ ವಯರುಗಳನ್ನು ನೋಡಿದಳು. ಆಮೇಲೆ ಎದ್ದು ನಿಂತು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಅವನ ಕೆನ್ನೆಗೆ ಹೊಡೆದಳು. ಸದ್ದಿಗೆ ಹತ್ತಿರದ ಮಿಡತೆಗಳು ಕಲ್ಲಿನಡಿಗೆ ಸರಿದವು. ಆ ದಿನ ಅವನಿಗೆ ಬಿದ್ದ ಪೆಟ್ಟುಗಳಲ್ಲಿ ಅತ್ತದ್ದು ಇದೊಂದಕ್ಕೆ.

ಆಮೇಲೆ ಅವಳು ಕೋಟಿನ ತೋಳನ್ನು ಹಲ್ಲಿನಿಂದ ಹರಿದು ಅವನ ಬೆರಳುಗಳನ್ನು ಸುತ್ತಿ ಕಟ್ಟಿದಳು. ಗಂಟು ಮೂರು ಸಲ ಜಾರಿತು. ಪುಸ್ತಕ ತೆರೆದು ಪೆನ್ನು ಹಿಡಿದಳು, ಪೆನ್ನು ಕಾಗದದ ಮೇಲೆ ನಿಲ್ಲಲಿಲ್ಲ.

"ನನ್ನ ಕೈ ನಡುಗ್ತಿದೆ, ಬರೆಯೋಕಾಗ್ತಿಲ್ಲ" ಎಂದಳು. "ಮರೆತುಹೋದ್ರೆ ಎಲ್ಲಾ ಹಾಳು. ನೀನು ನೆನಪಿಟ್ಕೋ. ಇನ್ನೂರ ಹನ್ನೊಂದು."

"ಇನ್ನೂರ ಹನ್ನೊಂದು" ಎಂದ ಮದ್ದಣ್ಣ, ಮುರಿದ ಹಲ್ಲಿನ ಸಂದಿಯಿಂದ.

ಅವಳು ಮುಂದೆ ನಡೆದಳು. ಅವನು ಹಿಂದೆ, ಅವಳು ಕಾಲಿಟ್ಟ ಕಡೆಯೇ ಕಾಲಿಡುತ್ತ ಇಳಿದ. ಮೇಸ್ತ್ರಿಯನ್ನು ದಾಟಿದರು, ಬಾವುಟದವರನ್ನು ದಾಟಿದರು, ಆಫೀಸಿನ ಬಾಗಿಲಲ್ಲಿ ನಿಂತಿದ್ದ ಧಣಿಯನ್ನೂ ದಾಟಿದರು. ಯಾರು ಏನು ಕೇಳಿದರೂ ಮದ್ದಣ್ಣನ ಬಾಯಲ್ಲಿ ಆ ಒಂದು ಸಂಖ್ಯೆ ಬಿಟ್ಟು ಬೇರೆ ಮಾತು ಬರಲಿಲ್ಲ.